ಕೆಳದವಡೆಯ ಸೆಟ್ಟು ಮತ್ತು ಸತುವಿಲ್ಲದ ಅಂಟು



ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಹಲ್ಲು ಕಟ್ಟಿಸಿಕೊಳ್ಳುವ ಅನುಕೂಲ ಜನಸಾಮಾನ್ಯರಿಗೆ ಇರಲಿಲ್ಲ. ಇಂದು ಆ ಅನುಕೂಲ ಸಣ್ಣ ಊರುಗಳಿಗೂ ಬಂದಿದೆ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಮಾಡಿಸಿಕೊಡುವುದಕ್ಕಾಗಿ ಕರ್ನಾಟಕ ಸರಕಾರವು ದಂತಭಾಗ್ಯವೆಂಬ ಯೋಜನೆಯನ್ನೇ ರೂಪಿಸಿತು. ಇಷ್ಟಾದರೂ ಗಾದೆ ಪೂರ್ತಿಯಾಗಿ ಹಳತಾಗಿಲ್ಲ. ಕಡಲೆಯೂ ಇದೆ, ಹಲ್ಲೂ ಇದೆ. ಆದರೆ ಆ ಹಲ್ಲು ಬಾಯಲ್ಲಿರುವುದಕ್ಕಿಂತ ಹೆಚ್ಚು ಹೊತ್ತು ಡಬ್ಬಿಯಲ್ಲಿರುತ್ತದೆ ಎನ್ನುವ ಹಿರಿಯರು ಬಹಳ ಮಂದಿ. ಅವರನ್ನು ಕೇಳಿ ನೋಡಿದರೆ ಬರುವ ಉತ್ತರ ಹೆಚ್ಚುಕಡಮೆ ಒಂದೇ: “ಮೇಲಿನದು ಪರವಾಗಿಲ್ಲ, ತಂಟೆಯೆಲ್ಲ ಕೆಳಗಿನದು.”

ಈ ಕೆಳಗಿನ ಸೆಟ್ಟಿನ ತಂಟೆಯನ್ನೂ ಅದಕ್ಕೆ ಉಪಾಯವಾಗಿ ಅಂಗಡಿಗಳಲ್ಲಿ ದೊರೆಯುವ ಅಂಟುಲೇಪಗಳನ್ನೂ ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ವಿಶೇಷವಾಗಿ, ಸತುವು ಬೆರೆಸದ ಅಂಟು ಈ ಕೆಲಸಕ್ಕೆ ಎಷ್ಟರಮಟ್ಟಿಗೆ ಒದಗೀತು ಎಂಬುದು ನಮ್ಮ ಪ್ರಶ್ನೆ. ವಿಷಯ ಸಣ್ಣದೆಂದು ತೋರಬಹುದು. ಆದರೆ ನೆಂಟರಿಷ್ಟರ ಪಂಕ್ತಿಯಲ್ಲಿ ಕುಳಿತು ಉಣ್ಣಲು ಸಂಕೋಚಪಡುವವರಿಗೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವರಿಗೆ, ಮೊಮ್ಮಕ್ಕಳಿಗೆ ಕತೆ ಹೇಳುವಾಗ ಎಲ್ಲಿ ಹಲ್ಲು ಜಾರೀತೋ ಎಂದು ಅರ್ಧದಲ್ಲೇ ಸುಮ್ಮನಾಗುವವರಿಗೆ ಇದು ಸಣ್ಣ ವಿಷಯವಲ್ಲ. ನಮ್ಮ ವ್ಯಾಕರಣವು ತವರ್ಗದ ಅಕ್ಷರಗಳನ್ನೂ ಲಕಾರ ಸಕಾರಗಳನ್ನೂ ದಂತ್ಯಗಳೆಂದು ಕರೆದಿದೆ. ಹಲ್ಲು ಅಲುಗಿದರೆ ಊಟದ ಜೊತೆಗೆ ಮಾತೂ ಅಲುಗುತ್ತದೆ.

ಮೇಲಿನ ಸೆಟ್ಟು ನಿಲ್ಲುವುದೇಕೆ, ಕೆಳಗಿನದು ನಿಲ್ಲದಿರುವುದೇಕೆ ಎಂಬುದನ್ನು ಮೊದಲು ನೋಡೋಣ. ನೀರು ಬಿದ್ದ ಮೇಜಿನ ಮೇಲೆ ಒಂದು ಗಾಜಿನ ಹಲಗೆಯನ್ನಿಟ್ಟು ನೇರವಾಗಿ ಮೇಲಕ್ಕೆತ್ತಲು ಯತ್ನಿಸಿ. ಅದು ಸುಲಭವಾಗಿ ಬಾರದು. ನಡುವೆ ಇರುವ ನೀರಿನ ತೆಳುವಾದ ಪದರ ಅದನ್ನು ಹಿಡಿದಿಟ್ಟಿರುತ್ತದೆ. ಮೇಲಿನ ಸೆಟ್ಟು ನಿಲ್ಲುವುದೂ ಇದೇ ಬಗೆಯಲ್ಲಿ. ಅದರ ಅಗಲವಾದ ತಟ್ಟೆ ಇಡೀ ಅಂಗುಳವನ್ನು ಮುಚ್ಚುತ್ತದೆ. ನಡುವೆ ಲಾಲಾರಸದ ತೆಳುಪದರವಿರುತ್ತದೆ. ಅಂಚುಗಳು ಸುತ್ತಲೂ ಮೆತುವಾದ ವಸಡಿಗೆ ಒತ್ತಿಕೊಂಡು ಗಾಳಿ ಒಳನುಗ್ಗದಂತೆ ತಡೆಯುತ್ತವೆ. ಕೆಳದವಡೆಯಲ್ಲಿ ಈ ಮೂರು ಅನುಕೂಲಗಳೂ ಕಡಮೆ. ನಡುವೆ ನಾಲಗೆ ಇರುವುದರಿಂದ ಕೆಳಗಿನ ಸೆಟ್ಟನ್ನು ಕುದುರೆಯ ಲಾಳದ ಆಕಾರದಲ್ಲಿ ಮಾಡಬೇಕಾಗುತ್ತದೆ. ಮೇಲಿನ ಸೆಟ್ಟಿಗೆ ಆಧಾರವಾಗಿ ಸುಮಾರು 23 ಚದರ ಸೆಂಟಿಮೀಟರ್ ಜಾಗ ಸಿಕ್ಕಿದರೆ, ಕೆಳಗಿನದಕ್ಕೆ ಸಿಗುವುದು ಸುಮಾರು 12 ಚದರ ಸೆಂಟಿಮೀಟರ್ ಮಾತ್ರ. ಅದರಲ್ಲೂ ಬಾಯಿಯ ನೆಲದಲ್ಲಿ ಲಾಲಾರಸ ಕೊಳದಂತೆ ನಿಂತಿರುತ್ತದೆ. ಒಳಗಿನಿಂದ ನಾಲಗೆಯೂ ಹೊರಗಿನಿಂದ ತುಟಿ ಕೆನ್ನೆಗಳೂ ಬಿಡುವಿಲ್ಲದೆ ಅದನ್ನು ತಳ್ಳುತ್ತಿರುತ್ತವೆ.

ಕಾಲ ಕಳೆದಂತೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ದವಡೆಯ ಮೂಳೆಯ ದಿಂಡು ಇರುವುದೇ ಹಲ್ಲಿನ ಬೇರುಗಳನ್ನು ಹಿಡಿದುಕೊಳ್ಳುವುದಕ್ಕೆ. ಬೇರು ಹೋದ ಮೇಲೆ ಆ ದಿಂಡು ಮೆಲ್ಲಮೆಲ್ಲನೆ ಸವೆಯುತ್ತದೆ. ಮೊದಲ ವರ್ಷದಲ್ಲಿ ಸವೆತ ಹೆಚ್ಚು. ಅನಂತರ ನಿಧಾನವಾದರೂ ಅದು ನಿಲ್ಲುವುದಿಲ್ಲ. ಪೂರ್ಣ ಸೆಟ್ಟು ಧರಿಸಿದವರ ದವಡೆಗಳನ್ನು 25 ವರ್ಷಗಳವರೆಗೂ ಅನುಸರಿಸಿ ನೋಡಿದ ಟಾಲ್‌ಗ್ರೆನ್ ಅವರ ಅಧ್ಯಯನ 1972ರಲ್ಲಿ ಪ್ರಕಟವಾಯಿತು. ಮೇಲ್ದವಡೆಗಿಂತ ಕೆಳದವಡೆ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆಂದು ಅದರಿಂದ ತಿಳಿದುಬಂತು. ಹತ್ತು ವರ್ಷದ ಹಿಂದೆ ಅಳತೆ ತೆಗೆದು ಮಾಡಿದ ಸೆಟ್ಟು ಇಂದು ಹೊಂದದಿದ್ದರೆ, ಅದಕ್ಕೆ ಕಟ್ಟಿಕೊಟ್ಟ ವೈದ್ಯರನ್ನು ದೂರುವುದರಲ್ಲಿ ಅರ್ಥವಿಲ್ಲ. ಸೆಟ್ಟು ಇದ್ದಂತೆಯೇ ಇದೆ, ಅದು ಕುಳಿತಿದ್ದ ನೆಲ ಕುಸಿದಿದೆ.

ಕೆಳಗಿನ ಸೆಟ್ಟನ್ನು ನಿಲ್ಲಿಸುವ ಚಿಂತೆ ಹೊಸದೇನಲ್ಲ. ಹದಿನೆಂಟನೆಯ ಶತಮಾನದ ಯೂರೋಪು ಅಮೆರಿಕಗಳಲ್ಲಿ ಮೇಲಿನ ಮತ್ತು ಕೆಳಗಿನ ಸೆಟ್ಟುಗಳನ್ನು ಲೋಹದ ಸ್ಪ್ರಿಂಗುಗಳಿಂದ ಒಂದಕ್ಕೊಂದು ಜೋಡಿಸುತ್ತಿದ್ದರು. ಬಾಯಿ ತೆರೆದರೆ ಸ್ಪ್ರಿಂಗು ಎರಡನ್ನೂ ಅವುಗಳ ಜಾಗಕ್ಕೆ ಒತ್ತುತ್ತಿತ್ತು. ಬಾಯಿ ಮುಚ್ಚಿಕೊಂಡಿರುವುದಕ್ಕೆ ಮಾತ್ರ ಬಲ ಹಾಕಬೇಕಾಗುತ್ತಿತ್ತು. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಧಿಕಾರ ಸ್ವೀಕರಿಸುವ ವೇಳೆಗೆ ಅವರ ಬಾಯಲ್ಲಿ ಉಳಿದಿದ್ದುದು ಒಂದೇ ಒಂದು ಸ್ವಂತ ಹಲ್ಲು. ಅವರಿಗಾಗಿ ನೀರಾನೆಯ ದಂತದಲ್ಲಿ ಕೊರೆದ ಕೆಳಗಿನ ಸೆಟ್ಟಿನಲ್ಲಿ, ಆ ಒಂಟಿ ಹಲ್ಲು ತೂರುವುದಕ್ಕೆಂದು ಒಂದು ತೂತನ್ನು ಬಿಟ್ಟಿದ್ದರು. ಒಂದು ದೇಶದ ಅಧ್ಯಕ್ಷರ ಕೆಳಗಿನ ಸೆಟ್ಟು ಒಂದು ಹಲ್ಲನ್ನು ಆತುಕೊಂಡು ನಿಂತಿತ್ತು.

ಅಂಟಿನ ಉಪಾಯ ಬಂದಾಗ ಮೊದಲು ನೆರವಾದುವು ಗಿಡಮರಗಳ ಅಂಟುಗಳು. ಇವುಗಳಲ್ಲಿ ಮುಖ್ಯವಾದ ಕರಾಯ ಅಂಟು ನಮ್ಮ ದೇಶದ್ದೇ. ಮಧ್ಯಭಾರತದ ಮತ್ತು ದಕ್ಷಿಣದ ಒಣಕಾಡುಗಳಲ್ಲಿ ಬೆಳೆಯುವ ಒಂದು ಮರದ ತೊಗಟೆಯನ್ನು ಕೆತ್ತಿ ಗಿರಿಜನರು ಇದನ್ನು ಸಂಗ್ರಹಿಸುತ್ತಾರೆ. ನೀರು ತಾಗಿದೊಡನೆ ಈ ಅಂಟು ಹಲವು ಪಟ್ಟು ಉಬ್ಬಿ ಲೋಳೆಯಾಗುತ್ತದೆ. ಆ ಲೋಳೆ ಸೆಟ್ಟಿಗೂ ವಸಡಿಗೂ ನಡುವಿನ ಸಂದನ್ನು ತುಂಬುತ್ತದೆ. ನಮ್ಮ ಕಾಡಿನ ಅಂಟು ಹೀಗೆ ಪರದೇಶದ ಮುದುಕರ ಹಲ್ಲುಗಳನ್ನು ಬಹುಕಾಲ ಹಿಡಿದಿಟ್ಟಿತ್ತು. ಆದರೆ ಅದರಲ್ಲಿ ಎರಡು ಕುಂದುಗಳಿದ್ದುವು. ಬಿಸಿ ಕಾಫಿ ಕುಡಿದರೆ ಅದು ಬೇಗನೆ ಕರಗಿ ಹೋಗುತ್ತಿತ್ತು. ಅದಕ್ಕೆ ವಿನೆಗರಿನಂಥ ವಾಸನೆಯೂ ಹುಳಿಗುಣವೂ ಇದ್ದುದರಿಂದ, ಬಾಯಲ್ಲಿ ಅಳಿದುಳಿದ ಹಲ್ಲುಗಳಿಗೆ ಒಳ್ಳೆಯದಾಗಿರಲಿಲ್ಲ.

ಈಗಿನ ಲೇಪಗಳಲ್ಲಿ ಸಾಮಾನ್ಯವಾಗಿ ಎರಡು ಮುಖ್ಯ ಪದಾರ್ಥಗಳಿರುತ್ತವೆ. ಒಂದು, ಸಸ್ಯಗಳ ನಾರಿನ ಅಂಶದಿಂದ ಮಾಡಿದ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಇದು ಲಾಲಾರಸವನ್ನು ಹೀರಿ ಬೇಗನೆ ಉಬ್ಬಿ ಹಿಡಿತ ಕೊಡುತ್ತದೆ, ಬೇಗನೆ ಸಡಿಲವೂ ಆಗುತ್ತದೆ. ಇನ್ನೊಂದು, ರಸಾಯನಶಾಲೆಯಲ್ಲಿ ತಯಾರಾದ ಉದ್ದಸರಪಣಿಯ ಒಂದು ಪಾಲಿಮರ್. ಇದು ನಿಧಾನವಾಗಿ ಕೆಲಸಕ್ಕೆ ತೊಡಗುತ್ತದೆ, ಹೆಚ್ಚು ಹೊತ್ತು ಬಾಳುತ್ತದೆ. ಒಂದು ಬಂದು ಕೆಲಸ ಹಿಡಿಯುವವರೆಗೆ ಇನ್ನೊಂದು ಕಾವಲಿರುತ್ತದೆ ಎನ್ನಬಹುದು. ಸತುವು ಬರುವುದು ಈ ಎರಡನೆಯ ಪದಾರ್ಥದ ಜೊತೆಯಲ್ಲಿ. ಸತುವಿನ ಕಣಗಳು ಪಾಲಿಮರಿನ ಒಂದು ಸರಪಣಿಯನ್ನು ಇನ್ನೊಂದಕ್ಕೆ ಕೊಂಡಿಯಂತೆ ಬೆಸೆಯುತ್ತವೆ. ಹಾಗೆ ಬೆಸೆದ ಲೇಪ ಲಾಲಾರಸದಲ್ಲಿ ಕರಗುವುದು ತಡವಾಗುತ್ತದೆ. ಇದೇ ಕಾರಣದಿಂದ ಹಲವು ವರ್ಷಗಳ ಕಾಲ ತಯಾರಕರು ಸತುವನ್ನು ಬಳಸುತ್ತ ಬಂದರು.

ಹಾಗಾದರೆ ಸತುವಿಲ್ಲದ ಅಂಟಿನ ಮಾತು ಎದ್ದದ್ದೇಕೆ? ಅಮೆರಿಕದ ಡಲ್ಲಾಸ್ ನಗರದ ನರರೋಗ ತಜ್ಞರು 2008ರಲ್ಲಿ ನಾಲ್ವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಆ ರೋಗಿಗಳ ರಕ್ತದಲ್ಲಿ ತಾಮ್ರದ ಅಂಶ ತೀರ ಇಳಿದಿತ್ತು, ನರಮಂಡಲಕ್ಕೆ ಕೇಡು ತಟ್ಟಿತ್ತು. ವಿಚಾರಿಸಿ ನೋಡಿದಾಗ ನಾಲ್ವರೂ ಹೊಂದದ ಸೆಟ್ಟನ್ನು ನಿಲ್ಲಿಸಿಕೊಳ್ಳುವುದಕ್ಕಾಗಿ ವರ್ಷಗಟ್ಟಲೆ ಅಂಟುಲೇಪವನ್ನು ಧಾರಾಳವಾಗಿ ಬಳಸಿದವರೆಂದು ತಿಳಿಯಿತು. ಏಳೆಂಟು ವಾರ ಬರಬೇಕಾದ 68 ಗ್ರಾಮಿನ ಕೊಳವೆಗಳನ್ನು ಅವರು ವಾರಕ್ಕೆ ಎರಡರಂತೆ, ಅದಕ್ಕೂ ಮೇಲೆ, ಮುಗಿಸುತ್ತಿದ್ದರು. ಪರೀಕ್ಷಿಸಿದ ಲೇಪಗಳ ಒಂದೊಂದು ಗ್ರಾಮಿನಲ್ಲೂ ಸುಮಾರು 17ರಿಂದ 34 ಮಿಲಿಗ್ರಾಮ್‌ ಸತುವಿತ್ತು. ಲೆಕ್ಕ ಹಾಕಿದರೆ ದಿನಕ್ಕೆ 330 ಮಿಲಿಗ್ರಾಮಿಗೂ ಮೇಲ್ಪಟ್ಟು ಸತುವು ಅವರ ಬಾಯಿಗೆ ಸೇರುತ್ತಿತ್ತೆಂದಾಯಿತು. ವಯಸ್ಕರಿಗೆ ದಿನಕ್ಕೆ ಬೇಕಾದ ಸತುವು 8ರಿಂದ 11 ಮಿಲಿಗ್ರಾಮ್‌; 40 ಮಿಲಿಗ್ರಾಮನ್ನು ಮೀರಬಾರದೆಂಬುದು ಅಮೆರಿಕದ ಪೌಷ್ಟಿಕಾಂಶ ತಜ್ಞರು ಹಾಕಿದ ಮಿತಿ.

ಸತುವು ವಿಷವಲ್ಲ, ದೇಹಕ್ಕೆ ಬೇಕಾದ ಲೋಹವೇ ಹೌದು. ಅದು ಮಿತಿಮೀರಿದಾಗ ಕೇಡಾಗುವ ಬಗೆ ಹೀಗಿದೆ: ಸತುವು ಹೆಚ್ಚಾದಾಗ ಕರುಳಿನ ಒಳಪೊರೆಯ ಜೀವಕೋಶಗಳು ಲೋಹವನ್ನು ಹಿಡಿದಿಡುವ ಒಂದು ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತವೆ. ಈ ಪ್ರೋಟೀನಿಗೆ ಸತುವಿಗಿಂತ ತಾಮ್ರದ ಮೇಲೆ ಒಲವು ಹೆಚ್ಚು. ಊಟದಲ್ಲಿ ಬಂದ ತಾಮ್ರವನ್ನು ಅದು ಹಿಡಿದು ನಿಲ್ಲಿಸುತ್ತದೆ. ಆ ಜೀವಕೋಶಗಳು ಕೆಲವು ದಿನಗಳಲ್ಲಿ ಉದುರಿ ಹೋಗುವಾಗ ತಾಮ್ರವೂ ಅವುಗಳೊಡನೆ ಹೊರಟುಹೋಗುತ್ತದೆ, ರಕ್ತಕ್ಕೆ ಸೇರುವುದಿಲ್ಲ. ತಾಮ್ರ ಸಾಲದೆ ಹೋದರೆ ರಕ್ತಹೀನತೆ ತಲೆದೋರುತ್ತದೆ, ರೋಗಗಳೊಡನೆ ಹೋರಾಡುವ ಬಿಳಿಯ ಕಣಗಳು ಕುಗ್ಗುತ್ತವೆ, ಬೆನ್ನುಹುರಿಗೆ ಪೆಟ್ಟು ಬೀಳುತ್ತದೆ. ಅಂಗಾಲುಗಳಲ್ಲಿ ಜೋಮು, ನಡಿಗೆಯಲ್ಲಿ ತೂರಾಟ ಮೊದಲಾಗುತ್ತವೆ. ವಯಸ್ಸಾದವರಲ್ಲಿ ಇವನ್ನೆಲ್ಲ ಮುಪ್ಪಿನ ಲಕ್ಷಣಗಳೆಂದೋ ಬಿ-12 ಜೀವಸತ್ವದ ಕೊರತೆಯೆಂದೋ ಭಾವಿಸುವುದು ಸುಲಭ. ಅಂಟನ್ನು ಬಿಟ್ಟು ತಾಮ್ರವನ್ನು ಕೊಟ್ಟರೆ ರಕ್ತ ಸುಧಾರಿಸುತ್ತದೆ. ನರಗಳಿಗಾದ ಹಾನಿ ಮಾತ್ರ ಅನೇಕ ವೇಳೆ ಪೂರ್ತಿಯಾಗಿ ಹಿಂದಿರುಗುವುದಿಲ್ಲ. ಊಟಕ್ಕೆಂದು ಹಚ್ಚಿಕೊಂಡ ಲೇಪ ಕಾಲಿನ ಶಕ್ತಿಯನ್ನು ಕಸಿದುಕೊಂಡಿತೆಂದರೆ ನಂಬುವುದು ಕಷ್ಟ. ನಡೆದದ್ದು ಅದೇ.

ಇದಾದ ಮೇಲೆ, 2010ರ ಫೆಬ್ರವರಿಯಲ್ಲಿ, ಗ್ಲ್ಯಾಕ್ಸೋಸ್ಮಿತ್‌ಕ್ಲೈನ್ ಕಂಪೆನಿಯು ಸತುವು ಬೆರೆಸಿದ ತನ್ನ ಪಾಲಿಗ್ರಿಪ್ ಲೇಪಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅಮೆರಿಕದ ದಂತಪಂಕ್ತಿ ತಜ್ಞರ ಕಾಲೇಜು 2011ರಲ್ಲಿ ಹೊರತಂದ ಮಾರ್ಗದರ್ಶಿ ಸೂತ್ರಗಳಲ್ಲಿ, ಮುಂಜಾಗ್ರತೆಯಾಗಿ ಸತುವುಳ್ಳ ಅಂಟನ್ನು ವರ್ಜಿಸುವುದು ಮೇಲೆಂದು ಹೇಳಲಾಯಿತು. ಸತುವಿಲ್ಲದ ಲೇಪಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಮೊದಲಾದುವುಗಳ ಲವಣಗಳು ಸತುವಿನ ಸ್ಥಾನವನ್ನು ತುಂಬುತ್ತವೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳೂ ಸತುವಿನಂತೆಯೇ ಸರಪಣಿಗಳನ್ನು ಬೆಸೆಯಬಲ್ಲುವು. ಆದುದರಿಂದ ಸತುವನ್ನು ಬಿಟ್ಟೊಡನೆ ಅಂಟು ಕೆಲಸಕ್ಕೆ ಬಾರದಾಯಿತೆಂದು ತಿಳಿಯಬೇಕಾಗಿಲ್ಲ. ಹಿಡಿತಕ್ಕೆ ಮೂಲವಾದ ಆ ಎರಡು ಪದಾರ್ಥಗಳು ಇದರಲ್ಲಿಯೂ ಇವೆ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಕೆಳಗಿನ ಸೆಟ್ಟನ್ನು ಈ ಅಂಟು ಎಷ್ಟು ಚೆನ್ನಾಗಿ ಹಿಡಿದೀತು? ಸೆಟ್ಟನ್ನು ಕಿತ್ತೆತ್ತಲು ಎಷ್ಟು ಬಲ ಬೇಕು, ಎಷ್ಟು ಬಲವಾಗಿ ಕಚ್ಚಿದಾಗ ಅದು ಓರೆಯಾಗಿ ಏಳುತ್ತದೆ, ಅಗಿಯುವಾಗ ಎಷ್ಟು ಅಲುಗುತ್ತದೆ ಎಂಬುದನ್ನು ದಂತವೈದ್ಯರು ಅಳೆದು ನೋಡುತ್ತಾರೆ. ಲೇಪವನ್ನು ಸರಿಯಾಗಿ ಹಚ್ಚಿದಾಗ ಸೆಟ್ಟಿನ ಹಿಡಿತವೂ ಸ್ಥಿರತೆಯೂ ಹೆಚ್ಚುತ್ತವೆ, ಅಡಿಯಲ್ಲಿ ಆಹಾರದ ತುಣುಕು ಸೇರುವುದು ಕಡಮೆಯಾಗುತ್ತದೆ ಎಂಬುದು ತಜ್ಞರು ಒಪ್ಪಿದ ಮಾತು. ಚೆನ್ನಾಗಿ ಹೊಂದುವ ಸೆಟ್ಟಿಗೂ ಇದರಿಂದ ಲಾಭವುಂಟು. ಈ ಲಾಭಕ್ಕೆ ಮೂರು ಮಿತಿಗಳಿವೆ. ಮೊದಲನೆಯದು ಕಾಲದ ಮಿತಿ: ಕೆಳದವಡೆಯಲ್ಲಿ ಲಾಲಾರಸ ನಿಲ್ಲುವುದರಿಂದ ಅಲ್ಲಿಯ ಲೇಪ ಬೇಗ ಕರಗುತ್ತದೆ, ಬೆಳಗಿನ ಲೇಪ ರಾತ್ರಿಯ ಊಟಕ್ಕೆ ಅಷ್ಟೇ ಬಲವಾಗಿ ಉಳಿದಿರುವುದೆಂದು ನಂಬುವಂತಿಲ್ಲ. ಎರಡನೆಯದು ಬಲದ ಮಿತಿ: ಪೂರ್ಣ ಸೆಟ್ಟು ಧರಿಸಿದವರ ಕಚ್ಚುವ ಬಲ ಸ್ವಂತ ಹಲ್ಲಿನವರ ಬಲದ ಐದಾರರಲ್ಲಿ ಒಂದು ಪಾಲಷ್ಟೇ. ಅಂಟು ಅಲುಗಾಟವನ್ನು ತಗ್ಗಿಸೀತು, ಹುರಿಗಡಲೆಯನ್ನೂ ಚಕ್ಕುಲಿಯನ್ನೂ ಯೌವನದ ಹಲ್ಲುಗಳಂತೆ ಪುಡಿಮಾಡಿಕೊಡಲಾರದು. ಮೂರನೆಯದು ಸಂದಿನ ಮಿತಿ: ತೆಳುಪದರವಾಗಿದ್ದಾಗ ಲೇಪ ಹಿಡಿಯುತ್ತದೆ, ದಪ್ಪವಾದಷ್ಟೂ ಅದು ಕೆಸರಿನಂತಾಗಿ ಸೆಟ್ಟು ಅದರ ಮೇಲೆ ಜಾರತೊಡಗುತ್ತದೆ. ಸೆಟ್ಟಿಗೂ ವಸಡಿಗೂ ನಡುವೆ ಬಿದ್ದ ದೊಡ್ಡ ಸಂದನ್ನು ಎಷ್ಟು ಅಂಟು ಸುರಿದರೂ ತುಂಬಲಾಗದು.

ಸತುವಿಲ್ಲದ ಅಂಟು ಕೆಳಗಿನ ಸೆಟ್ಟಿಗೆ ಒಳ್ಳೆಯ ಸಹಾಯಕ, ಆದರೆ ಸೆಟ್ಟಿನ ದೋಷಕ್ಕೆ ಅದು ಚಿಕಿತ್ಸೆಯಲ್ಲ. ಮೊದಲು ಸ್ವಲ್ಪವೇ ಸಾಕಾಗುತ್ತಿದ್ದ ಅಂಟು ಬರಬರುತ್ತ ಹೆಚ್ಚು ಹೆಚ್ಚು ಬೇಕೆನಿಸಿದರೆ, ದವಡೆಯ ಮೂಳೆ ನಮಗೆ ಕಳುಹಿಸಿದ ಸಮಾಚಾರ ಅದು. ಡಲ್ಲಾಸಿನ ಆ ನಾಲ್ವರಿಗೂ ಆ ಸಮಾಚಾರ ವರ್ಷಗಟ್ಟಲೆ ಬರುತ್ತಲೇ ಇದ್ದಿರಬೇಕು. ಅವರು ಇನ್ನೊಂದು ಕೊಳವೆಯನ್ನು ಕೊಂಡು ತಂದರು. ಸತುವಿಲ್ಲದ ಅಂಟನ್ನು ಹಾಗೆ ಬಳಸಿದರೆ ನರಗಳು ಉಳಿಯಬಹುದು. ಮೂಳೆಯ ಸವೆತವಾಗಲಿ, ಅಲುಗುವ ಸೆಟ್ಟಿನ ಕೆಳಗಿನ ಹುಣ್ಣಾಗಲಿ ನಿಲ್ಲುವುದಿಲ್ಲ. ಎಲೆಯಡಿಕೆ, ಹೊಗೆಸೊಪ್ಪುಗಳ ಬಳಕೆಯಿಂದ ಬಾಯಿಯ ಕ್ಯಾನ್ಸರ್ ಹೆಚ್ಚಾಗಿರುವ ನಮ್ಮ ದೇಶದಲ್ಲಿ, ಎರಡು ವಾರವಾದರೂ ಮಾಯದ ಬಾಯಿಹುಣ್ಣನ್ನು ಲೇಪದಡಿಯಲ್ಲಿ ಮರೆಸಿಟ್ಟುಕೊಳ್ಳುವುದು ಅಪಾಯ.

ಬಳಸುವ ಕ್ರಮವನ್ನೂ ಸ್ವಲ್ಪ ಹೇಳಬೇಕು. ಸೆಟ್ಟನ್ನು ಚೆನ್ನಾಗಿ ತೊಳೆದು ಒರೆಸಿ, ಒಣಗಿದ ಮೇಲೆ ಕೆಳಗಿನ ಸೆಟ್ಟಿನ ಒಳಗಾಲುವೆಯಲ್ಲಿ ಮೂರು ಕಡೆ, ಮುಂದೆ ಒಂದು, ಎಡಬಲಗಳಲ್ಲಿ ಒಂದೊಂದು, ಬಟಾಣಿ ಕಾಳಿನಷ್ಟು ಲೇಪವನ್ನಿಟ್ಟರೆ ಸಾಕು. ಅಂಚಿನ ಹತ್ತಿರ ಹಚ್ಚಬಾರದು. ಬಾಯಲ್ಲಿಟ್ಟು ಬೆರಳಿನಿಂದ ಒತ್ತಿ ಹಿಡಿದು, ಮೆಲ್ಲಗೆ ಹಲ್ಲು ಕಚ್ಚಬೇಕು. ಲೇಪ ಹೊರಕ್ಕೆ ಉಕ್ಕಿದರೆ ಪ್ರಮಾಣ ಹೆಚ್ಚಾಯಿತೆಂದು ತಿಳಿದು ಮರುದಿನ ಕಡಮೆ ಮಾಡಬೇಕು. ಕೆಲವು ನಿಮಿಷ ಕಳೆಯುವವರೆಗೆ ಬಿಸಿ ಕಾಫಿಯಾಗಲಿ ಊಟವಾಗಲಿ ಬೇಡ. ರಾತ್ರಿ ಸೆಟ್ಟನ್ನು ತೆಗೆದು, ಉಗುರುಬೆಚ್ಚನೆಯ ನೀರಿನಲ್ಲಿ ಮೆತುವಾದ ಬ್ರಷ್ಷಿನಿಂದ ಲೇಪವನ್ನು ಪೂರ್ತಿ ತೊಳೆದು, ವಸಡನ್ನೂ ಒದ್ದೆಬಟ್ಟೆಯಿಂದ ಒರೆಸಿಕೊಂಡು ಮಲಗಬೇಕು. ಕುದಿನೀರು ಸೆಟ್ಟಿನ ಆಕಾರವನ್ನೇ ಕೆಡಿಸೀತು. ಕೊಳ್ಳುವಾಗ ಪೊಟ್ಟಣದ ಮೇಲೆ ಜಿಂಕ್ ಫ್ರೀ ಎಂದು ಬರೆದಿದೆಯೋ ಎಂದು ನೋಡಿ. ಕಣ್ಣು ಮಂದವಾದವರು ಅಂಗಡಿಯವರಿಂದ ಓದಿಸಿ. 2020-21ರ ಕೋವಿಡ್ ಕಾಲದಲ್ಲಿ ಅನೇಕರು ಸತುವಿನ ಮಾತ್ರೆಗಳನ್ನು ನುಂಗತೊಡಗಿದ್ದರು. ಅದನ್ನು ಇಂದಿಗೂ ಬಿಡದವರಿದ್ದರೆ ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ಅಂಟಿಗಿಂತ ಮೊದಲು ನೆನೆಯಬೇಕಾದ ಸಹಾಯಕನೊಬ್ಬ ನಮ್ಮ ಬಾಯಲ್ಲೇ ಇದ್ದಾನೆ, ನಾಲಗೆ. ಹೊಸ ಸೆಟ್ಟನ್ನು ಹೊರಕ್ಕೆ ತಳ್ಳುವ ನಾಲಗೆಯೇ ಕೆಲವು ವಾರಗಳ ಅಭ್ಯಾಸದಿಂದ ಅದನ್ನು ಒತ್ತಿ ಹಿಡಿಯಲು ಕಲಿಯುತ್ತದೆ. ನಾಲಗೆಯನ್ನು ಹಿಂದಕ್ಕೆಳೆದುಕೊಳ್ಳದೆ ಅದರ ತುದಿ ಕೆಳಗಿನ ಮುಂದಿನ ಹಲ್ಲುಗಳನ್ನು ತಾಗಿರುವಂತೆ ಇಟ್ಟುಕೊಳ್ಳುವುದು, ಸಣ್ಣ ತುತ್ತುಗಳನ್ನು ಎರಡು ಪಕ್ಕಗಳಲ್ಲೂ ಒಮ್ಮೆಗೇ ಅಗಿಯುವುದು, ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯದಿರುವುದು, ಇಷ್ಟನ್ನು ಕಲಿತವರಿಗೆ ಅಂಟಿನ ಅಗತ್ಯ ಬಹಳ ಕಡಮೆ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಮುದ್ದೆಯುಣ್ಣುವವರಿಗಂತೂ ಅಗಿಯುವ ಚಿಂತೆಯೇ ಇಲ್ಲ.

ಇಷ್ಟೆಲ್ಲ ಮಾಡಿದರೂ ಸೆಟ್ಟು ನಿಲ್ಲದಿದ್ದರೆ ದಂತವೈದ್ಯರಲ್ಲಿಗೆ ಹೋಗಬೇಕು. ಹಳೆಯ ಸೆಟ್ಟಿಗೆ ಒಳಪದರ ಹಾಕಿ ಹೊಂದಿಸಿಕೊಡುವುದು ಅನೇಕ ವೇಳೆ ಸಾಧ್ಯ. ಅದೂ ಸಾಲದಾದರೆ ಇನ್ನೊಂದು ಮಾರ್ಗವಿದೆ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ಕಲೆತ ತಜ್ಞರು, ಕೆಳದವಡೆಯಲ್ಲಿ ಎರಡು ಇಂಪ್ಲಾಂಟುಗಳನ್ನು ಊರಿ ಸೆಟ್ಟನ್ನು ಅವುಗಳಿಗೆ ಗುಂಡಿಯಂತೆ ಸಿಕ್ಕಿಸುವ ವಿಧಾನವೇ ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆಯಾಗಬೇಕೆಂದು ಅಭಿಪ್ರಾಯಪಟ್ಟರು. ಅದಕ್ಕೆ ತಗಲುವ ವೆಚ್ಚ ಎಲ್ಲರಿಗೂ ಎಟುಕುವಂಥದಲ್ಲ. ಅಲ್ಲಿಯವರೆಗೆ ಬಟಾಣಿಯಷ್ಟು ಅಂಟಿನಿಂದ ದಿನ ನೂಕುವವರನ್ನು ಹಳಿಯಲಾಗದು. ಅವರ ಮನೆಯ ಕಿರಿಯರಿಗೆ ಒಂದು ಮಾತು. ಹಿರಿಯರು ಊಟದಲ್ಲಿ ಏನನ್ನು ಬಿಡುತ್ತಿದ್ದಾರೆ, ತಿಂಗಳಿಗೆ ಎಷ್ಟು ಕೊಳವೆ ಅಂಟು ತರಿಸುತ್ತಿದ್ದಾರೆ ಎಂಬುದರ ಮೇಲೆ ಗಮನವಿರಲಿ. ಅವರು ಬಾಯಿಬಿಟ್ಟು ಹೇಳಲು ಸಂಕೋಚಪಡುವುದನ್ನು ಆ ಎರಡು ಲೆಕ್ಕಗಳು ಹೇಳುತ್ತವೆ.